ಸ್ಟೇಟ್‌ಮೆಂಟ್ ತಾಳೆಯಾಗದಿದ್ದಾಗ: ಸಂಪತ್ತು ನಿರ್ವಹಣೆಯ ಡೇಟಾ ದೋಷ ಹುಡುಕುವ ಕೈಪಿಡಿ

ಸಂಪತ್ತು ನಿರ್ವಹಣಾ ಸಂಸ್ಥೆಗಳಲ್ಲಿ ಡೇಟಾ ದೋಷವನ್ನು ಮೊದಲು ಹಿಡಿಯುವವರು ಬಹುಮಟ್ಟಿಗೆ ನಿವೃತ್ತ ಗ್ರಾಹಕರು. ಅವರಿಗೆ ಪುರುಸೊತ್ತು ಇದೆ, ಕ್ಯಾಲ್ಕ್ಯುಲೇಟರ್ ಇದೆ, ಹಳೆಯ ಸ್ಟೇಟ್‌ಮೆಂಟುಗಳನ್ನೆಲ್ಲ ಜೋಡಿಸಿಟ್ಟ ಫೈಲೂ ಇದೆ. ಅವರು ರಿಲೇಶನ್‌ಶಿಪ್ ಮ್ಯಾನೇಜರಿಗೆ ಫೋನ್ ಮಾಡುತ್ತಾರೆ. "ಅದು ಸಿಸ್ಟಮ್ ಸಮಸ್ಯೆ ಸರ್, ನೋಡಿ ಹೇಳುತ್ತೇವೆ" ಎಂಬ ಉತ್ತರ ಸಿಗುತ್ತದೆ. ದೂರು ಆಪರೇಷನ್ಸ್ ವಿಭಾಗವನ್ನು ದಾಟಿ, ಎರಡು ದಿನ ತಡವಾಗಿ ಡೇಟಾ ತಂಡದ ಮೇಜಿಗೆ ಬಂದು ಬೀಳುತ್ತದೆ.

ಈ ಕೈಪಿಡಿ ಆ ತಂಡವನ್ನು ನಡೆಸುವವರಿಗೆ. ಭಾರತದ ಮ್ಯೂಚುವಲ್ ಫಂಡ್, ಷೇರು ಮತ್ತು ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆಯ ಡೇಟಾವನ್ನು ಇಟ್ಟುಕೊಂಡು ಬರೆದಿದ್ದೇನೆ. ಹೊರಗೆ ಕಾಣುವ ಲಕ್ಷಣಗಳು ಹತ್ತಾರು. ಆದರೆ ಅಗೆದು ನೋಡಿದರೆ ಹೆಚ್ಚಿನವು ಎರಡು ಪ್ರಶ್ನೆಗಳಿಗೆ ಬಂದು ನಿಲ್ಲುತ್ತವೆ: ಈ ಹೂಡಿಕೆ ಯಾರದು? ಈ ಅಂಕಿ ಯಾವ ದಿನದ್ದು? ಇವೆರಡಕ್ಕೆ ಉತ್ತರವಿಲ್ಲದ ವ್ಯವಸ್ಥೆಗೆ ಎಷ್ಟೇ ದುಬಾರಿ ಕ್ಲೌಡ್ ಕೊಂಡು ಹಾಕಿದರೂ ಅದೇ ತಪ್ಪು ಇನ್ನಷ್ಟು ವೇಗವಾಗಿ ಬರುತ್ತದೆ, ಅಷ್ಟೆ.

ಕೈ ಹಾಕುವ ಮುನ್ನ

ಇದ್ದದ್ದನ್ನು ಇದ್ದಂತೆಯೇ ಮೊದಲು ತೆಗೆದಿಡಿ. ಗ್ರಾಹಕರ ಕೈಸೇರಿದ ಸ್ಟೇಟ್‌ಮೆಂಟಿನ ಪ್ರತಿ, ಅದು ತಯಾರಾದ ದಿನ ಮತ್ತು ಗಂಟೆ, ಆ ರಾತ್ರಿ ಹೊರಗಿನಿಂದ ಬಂದ ಮೂಲ ಫೈಲುಗಳು, ಇಷ್ಟು ಬೇಕೇ ಬೇಕು. ದಿನವೂ ಹಳೆಯ ಫೈಲಿನ ಮೇಲೆ ಹೊಸದನ್ನು ಬರೆಯುವ ಏರ್ಪಾಡು ನಿಮ್ಮಲ್ಲಿದ್ದರೆ ಇವತ್ತು ಸಂಜೆಯ ಹೊತ್ತಿಗೆ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಪ್ರೊಡಕ್ಷನ್ ಡೇಟಾಬೇಸಿನ, ಅಂದರೆ ಗ್ರಾಹಕರ ನಿಜವಾದ ಲೆಕ್ಕ ನಡೆಯುವ ಡೇಟಾಬೇಸಿನ, ಮೇಲೆ ನೇರವಾಗಿ ತಿದ್ದುಪಡಿ ಓಡಿಸಬೇಡಿ. "ಒಂದೇ ಸಾಲು, ಒಂದೇ ಗ್ರಾಹಕ" ಎಂದು ಶುರುವಾದ ತಿದ್ದುಪಡಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೇಳಲಾಗದು. ದೋಷ ಹುಡುಕಲು ಪ್ಯಾನ್, ಖಾತೆ ಸಂಖ್ಯೆ, ಹೆಸರು ಇರುವ ಹಾಳೆಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ತನಿಖೆಗೆ ಒಂದು ಆಂತರಿಕ ಗ್ರಾಹಕ ಸಂಖ್ಯೆ ಸಾಕು.

ಆಮೇಲೆ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಒಬ್ಬ ಗ್ರಾಹಕ, ಒಂದು ಯೋಜನೆ, ಒಂದು ದಿನ ಆರಿಸಿಕೊಳ್ಳಿ. ಮೌಲ್ಯ ಎಂದರೆ ಪ್ರಮಾಣ ಗುಣಿಸು ಬೆಲೆ. ಎರಡರಲ್ಲಿ ಯಾವುದು ತಪ್ಪಿದೆ? ಗ್ರಾಹಕರ ಬಳಿ ಡಿಪಾಸಿಟರಿ (ಷೇರುಗಳನ್ನು ಡಿಮ್ಯಾಟ್ ರೂಪದಲ್ಲಿ ಇಡುವ ಸಂಸ್ಥೆ) ಅಥವಾ ರಿಜಿಸ್ಟ್ರಾರ್ (ಫಂಡ್ ಸಂಸ್ಥೆಗಳ ಪರವಾಗಿ ಯುನಿಟ್ಟುಗಳ ಲೆಕ್ಕ ಇಡುವ ಸಂಸ್ಥೆ) ಕಳಿಸಿದ ಕ್ರೋಡೀಕೃತ ಸ್ಟೇಟ್‌ಮೆಂಟ್ ಇರುತ್ತದೆ. ಅದರ ಯುನಿಟ್ ಸಂಖ್ಯೆಯನ್ನು ನಿಮ್ಮದರ ಪಕ್ಕದಲ್ಲಿಟ್ಟು ನೋಡಿ. ಯುನಿಟ್ ಒಂದೇ ಇದ್ದರೆ ದೋಷ ಬೆಲೆಯ ದಾರಿಯಲ್ಲಿದೆ. ಯುನಿಟ್ಟೇ ಬೇರೆಯಾಗಿದ್ದರೆ ವಹಿವಾಟಿನ ದಾರಿಯಲ್ಲಿದೆ. ಈ ಒಂದು ನೋಟ ಅರ್ಧ ಕೆಲಸವನ್ನು ಮುಗಿಸುತ್ತದೆ. ಆದರೂ ಎಷ್ಟೋ ತಂಡಗಳು ಇದನ್ನು ಬಿಟ್ಟು ನೇರವಾಗಿ ಕೋಡ್ ತೆರೆದು ಕೂರುವುದನ್ನು ಕಂಡಿದ್ದೇನೆ.

ದಾರಿ ಗೊತ್ತಾದ ಮೇಲೆ ಮೂಲ ಫೈಲಿನಿಂದ ವರದಿಯವರೆಗೆ ಹಂತ ಹಂತವಾಗಿ ಅದೇ ಒಂದು ಅಂಕಿಯನ್ನು ಹಿಂಬಾಲಿಸಿ. ಅದು ಮೊದಲು ಕೆಟ್ಟ ಜಾಗವೇ ದುರಸ್ತಿಯ ಜಾಗ. ಕೊನೆಯ ಹಂತದಲ್ಲಿ, ಅಂದರೆ ವರದಿಯಲ್ಲಿ, ತೇಪೆ ಹಚ್ಚಿದರೆ ಶುಲ್ಕದ ಲೆಕ್ಕ, ತೆರಿಗೆಯ ಲೆಕ್ಕ, ಮೊಬೈಲ್ ಆ್ಯಪ್ ಮೂರೂ ಹಳೆಯ ತಪ್ಪನ್ನೇ ತೋರಿಸುತ್ತಿರುತ್ತವೆ.

ಲಕ್ಷಣ: ಪೈಸೆಯಿಂದ ಹಿಡಿದು ಕೆಲವು ರೂಪಾಯಿಯವರೆಗೆ ವ್ಯತ್ಯಾಸ

ಚಿಕ್ಕದೆಂದು ತಳ್ಳಿಹಾಕುವ ಮೊದಲು ವ್ಯತ್ಯಾಸದ ಸ್ವಭಾವ ನೋಡಿ. ಅದು ಒಂದೊಂದು ಸಲ ಹೆಚ್ಚು, ಒಂದೊಂದು ಸಲ ಕಡಿಮೆ ಎಂದು ಅತ್ತಿತ್ತ ಓಲಾಡುತ್ತಿದ್ದರೆ ಅದು ದುಂಡಗಾಗಿಸುವಿಕೆಯ ದೋಷ. ಹಣದ ಕಾಲಂಗೆ ಫ್ಲೋಟ್ ಬಗೆಯನ್ನು ಕೊಟ್ಟಿದ್ದೀರಾ ಎಂದು ನೋಡಿ. ಆ ಬಗೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಎನ್ನುತ್ತದೆ. ಹಣಕ್ಕೂ ಯುನಿಟ್ಟಿಗೂ ಡೆಸಿಮಲ್ ಬಗೆಯೇ ಬೇಕು. ಯುನಿಟ್ಟಿಗೆ ಮೂರು ದಶಮಾಂಶ, ಎನ್‌ಎವಿಗೆ (ಒಂದು ಯುನಿಟ್ಟಿನ ಆ ದಿನದ ಬೆಲೆ) ನಾಲ್ಕು ದಶಮಾಂಶ ಇಟ್ಟುಕೊಂಡು, ಗುಣಿಸಿದ ನಂತರ ಒಂದೇ ಸಲ ದುಂಡಗಾಗಿಸಬೇಕು.

ವ್ಯತ್ಯಾಸ ಯಾವಾಗಲೂ ಒಂದೇ ದಿಕ್ಕಿಗಿದ್ದು, ಹೂಡಿಕೆಯ ಮೊತ್ತದ ಜೊತೆ ಬೆಳೆಯುತ್ತಿದ್ದರೆ ಮುದ್ರಾಂಕ ಶುಲ್ಕವನ್ನು ಅನುಮಾನಿಸಿ. 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಖರೀದಿಗೆ ಶೇ 0.005 ಮುದ್ರಾಂಕ ಶುಲ್ಕವಿದೆ. ಗ್ರಾಹಕರು 1,00,000 ರೂಪಾಯಿ ಹಾಕಿದರೆ 5 ರೂಪಾಯಿ ಅದಕ್ಕೆ ಹೋಗಿ 99,995 ರೂಪಾಯಿಗೆ ಯುನಿಟ್ ಸಿಗುತ್ತದೆ. ಎನ್‌ಎವಿ 48.2615 ಎಂದಿಟ್ಟುಕೊಳ್ಳಿ: ಸಿಗಬೇಕಾದದ್ದು 2,071.941 ಯುನಿಟ್. ನಿಮ್ಮ ವ್ಯವಸ್ಥೆ 2,072.045 ಎಂದು ತೋರಿಸುತ್ತಿದ್ದರೆ ಅದು ರಿಜಿಸ್ಟ್ರಾರ್ ಕೊಟ್ಟ ಯುನಿಟ್ಟನ್ನು ತೆಗೆದುಕೊಳ್ಳದೆ ತಾನೇ ಭಾಗಿಸಿ ಲೆಕ್ಕ ಹಾಕುತ್ತಿದೆ ಎಂದರ್ಥ. ಐದು ರೂಪಾಯಿಗಿಂತ ದೊಡ್ಡ ರೋಗ ಅದೇ. ಯುನಿಟ್ ಎಷ್ಟು ಎಂದು ಹೇಳುವ ಅಧಿಕಾರ ರಿಜಿಸ್ಟ್ರಾರದ್ದು. ನಿಮ್ಮ ವ್ಯವಸ್ಥೆ ಅದನ್ನು ಪಡೆದುಕೊಳ್ಳಬೇಕು, ಹುಟ್ಟಿಸಬಾರದು.

ಇದೇ ಜಾತಿಯ ಇನ್ನೊಂದಿದೆ: ವ್ಯತ್ಯಾಸ ಸ್ವಲ್ಪವೇ, ಆದರೆ ಪ್ರತಿ ವರ್ಷ ತುಸು ಹಿಗ್ಗುತ್ತದೆ. ಡೈರೆಕ್ಟ್ (ವಿತರಕರ ಕಮಿಷನ್ ಇಲ್ಲದ) ಮತ್ತು ರೆಗ್ಯುಲರ್ (ಕಮಿಷನ್ ಇರುವ) ಪ್ಲಾನುಗಳು ಅದಲುಬದಲಾಗಿವೆ. ಡೈರೆಕ್ಟ್ ಪ್ಲಾನುಗಳು ಶುರುವಾದದ್ದು 2013ರ ಜನವರಿಯಲ್ಲಿ. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಯೋಜನೆಯನ್ನು ಹೆಸರಿನಿಂದ ಹೊಂದಿಸುವ ಯಾವ ವ್ಯವಸ್ಥೆಯೂ ಈ ಗುಂಡಿಗೆ ಬೀಳದೆ ಇರದು. ಪ್ರತಿ ಹೂಡಿಕೆಗೂ ಪ್ರತ್ಯೇಕವಾಗಿರುವ ಐಸಿನ್ (ISIN) ಸಂಕೇತದಿಂದಲೇ ಹೊಂದಿಸಿ.

ಲಕ್ಷಣ: ಬೆಲೆ ಕದಲುತ್ತಿಲ್ಲ

ಪೇಟೆ ಏರಿದೆ, ಗ್ರಾಹಕರ ಮೌಲ್ಯ ನಿನ್ನೆಯದೇ ಇದೆ. ಎಲ್ಲ ಗ್ರಾಹಕರಿಗೂ, ಎಲ್ಲ ಯೋಜನೆಗಳಿಗೂ ಹೀಗಿದ್ದರೆ ಬೆಲೆಯ ಫೈಲೇ ಬಂದಿಲ್ಲ. ಇದಕ್ಕಿಂತ ಸುಲಭದ ದೋಷ ಇಲ್ಲ.

ಕೆಲವು ಯೋಜನೆಗಳಿಗೆ ಮಾತ್ರ ಹೀಗಾದರೆ ಗಡಿಯಾರ ನೋಡಿ. ಮ್ಯೂಚುವಲ್ ಫಂಡ್‌ಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ದಿನದ ಎನ್‌ಎವಿ ಬಹುತೇಕ ಯೋಜನೆಗಳಿಗೆ ರಾತ್ರಿ 11 ಗಂಟೆಯೊಳಗೆ ಬರಬೇಕೆಂಬ ನಿಯಮವಿದೆ. ಬೇರೆ ಫಂಡ್‌ಗಳಲ್ಲಿ ಹಣ ತೊಡಗಿಸುವ ‘ಫಂಡ್ ಆಫ್ ಫಂಡ್ಸ್’ ಯೋಜನೆಗಳಿಗೆ ಮರುದಿನ ಬೆಳಿಗ್ಗೆ 10ರವರೆಗೆ ಅವಕಾಶ. ಹೊರಗಿನ ಫೈಲನ್ನು ಒಳತರುವ ನಿಮ್ಮ ಲೋಡ್ ರಾತ್ರಿ 9ಕ್ಕೆ ಓಡಿ ಮಲಗುತ್ತಿದ್ದರೆ ಒಂದು ಗುಂಪಿನ ಯೋಜನೆಗಳು ಎಂದೆಂದಿಗೂ ಒಂದು ದಿನ ಹಿಂದೆಯೇ ಉಳಿಯುತ್ತವೆ. ಸಮಯವನ್ನು ಮುಂದೆ ತಳ್ಳಿದರೆ ಅರ್ಧ ಪರಿಹಾರ. ಪ್ರತಿ ಬೆಲೆಯ ಪಕ್ಕದಲ್ಲಿ ಅದು ಯಾವ ದಿನದ ಬೆಲೆ ಎಂಬುದನ್ನು ಇಟ್ಟು, ಸ್ಟೇಟ್‌ಮೆಂಟಿನಲ್ಲೂ ಅದನ್ನು ಅಚ್ಚು ಹಾಕಿದರೆ ಪೂರ್ತಿ ಪರಿಹಾರ.

ವಾರಾಂತ್ಯ ಕಳೆದ ಮೇಲೆ ಮಾತ್ರ ತೊಂದರೆ ಕಾಣಿಸಿದರೆ ರಜಾ ಪಟ್ಟಿಯನ್ನು ತೆರೆಯಿರಿ. "ಶನಿವಾರ, ಭಾನುವಾರ ಪೇಟೆ ಇಲ್ಲ" ಎಂದು ಯಾರೋ ಕೋಡಿನಲ್ಲೇ ಬರೆದುಬಿಟ್ಟಿರುತ್ತಾರೆ. 2024ರ ಜನವರಿ 20 ಶನಿವಾರವಾಗಿದ್ದರೂ ಷೇರುಪೇಟೆ ಪೂರ್ತಿ ನಡೆಯಿತು; ಸೋಮವಾರ, 22ರಂದು ರಜೆ. 2025ರ ಫೆಬ್ರವರಿ 1 ಶನಿವಾರ, ಬಜೆಟ್ ಎಂಬ ಕಾರಣಕ್ಕೆ ಪೇಟೆ ತೆರೆದಿತ್ತು. ದೀಪಾವಳಿಯ ಮುಹೂರ್ತ ವಹಿವಾಟು ಪ್ರತಿ ವರ್ಷ ಬರುತ್ತದೆ. ಅತ್ತ ಲಿಕ್ವಿಡ್ ಫಂಡ್‌ಗಳಿಗೆ ಭಾನುವಾರವೂ ಎನ್‌ಎವಿ ಇರುತ್ತದೆ. ರಜಾ ಪಟ್ಟಿ ಒಂದೇ ಸಾಲದು; ಪ್ರತಿ ಪೇಟೆಗೂ ಪ್ರತಿ ಬಗೆಯ ಹೂಡಿಕೆಗೂ ಒಂದೊಂದು ಬೇಕು. ಅದನ್ನು ಕೋಷ್ಟಕದಲ್ಲಿ ಇಡಬೇಕು, ಕೋಡಿನಲ್ಲಿ ಹೂಳಬಾರದು.

ಒಂದೇ ಒಂದು ಷೇರಿನ ಬೆಲೆ ವಾರಗಟ್ಟಲೆ ನಿಂತಿದೆಯೇ? ಆ ಕಂಪನಿ ಮುಖಬೆಲೆಯನ್ನು ವಿಭಜಿಸಿರುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಮುಖಬೆಲೆ ಬದಲಾದರೆ ಷೇರಿಗೆ ಹೊಸ ಐಸಿನ್ ಸಿಗುತ್ತದೆ. ಹಳೆಯ ಸಂಕೇತಕ್ಕೆ ಬೆಲೆ ಬರುವುದು ಅಂದೇ ನಿಂತುಹೋಗುತ್ತದೆ. ಹಳೆಯದರಿಂದ ಹೊಸದಕ್ಕೆ ಕೊಂಡಿ ಹಾಕುವ ಕೋಷ್ಟಕ ನಿಮ್ಮಲ್ಲಿ ಇಲ್ಲದಿದ್ದರೆ ಈ ದೋಷ ಪ್ರತಿ ವಿಭಜನೆಗೂ ಮರುಕಳಿಸುತ್ತದೆ.

ಅಮೆರಿಕದ ಷೇರುಗಳಿರುವ ಗ್ರಾಹಕರಲ್ಲಿ ಇನ್ನೊಂದು ತೊಡಕು. ಅಲ್ಲಿನ ಪೇಟೆ ಮುಚ್ಚುವಾಗ ನಮ್ಮಲ್ಲಿ ಮರುದಿನ ನಸುಕಿನ 1.30, ಚಳಿಗಾಲದಲ್ಲಿ 2.30. ಡಾಲರ್ ದರ ಯಾವ ದಿನದ್ದು, ಷೇರಿನ ಬೆಲೆ ಯಾವ ದಿನದ್ದು ಎಂದು ಬೇರೆ ಬೇರೆಯಾಗಿ ಕೇಳಿದರೆ ಉತ್ತರ ತಾನೇ ಸಿಗುತ್ತದೆ.

ಲಕ್ಷಣ: ರಾತ್ರೋರಾತ್ರಿ ಅರ್ಧವಾಯಿತು, ಇಲ್ಲವೇ ದುಪ್ಪಟ್ಟಾಯಿತು

ಗಾಬರಿ ಹುಟ್ಟಿಸುವ ಲಕ್ಷಣ ಇದು, ಆದರೆ ಗುರುತಿಸಲು ಸುಲಭ. ಯಾರಿಗೆ ಆಗಿದೆ ಎಂಬುದೇ ಕಾರಣವನ್ನು ಹೇಳಿಬಿಡುತ್ತದೆ.

ಎಲ್ಲ ಗ್ರಾಹಕರಿಗೂ, ಒಂದೇ ಷೇರಿನಲ್ಲಿ, ಸರಿಯಾಗಿ ಅರ್ಧ: ಇದು ಬೋನಸ್, ಅಂದರೆ ಕಂಪನಿ ಉಚಿತವಾಗಿ ಕೊಡುವ ಹೊಸ ಷೇರು. ರಿಲಯನ್ಸ್ ಇಂಡಸ್ಟ್ರೀಸ್ ಒಂದಕ್ಕೊಂದು ಬೋನಸ್ ಕೊಟ್ಟಾಗ ದಾಖಲೆ ದಿನಾಂಕ (ಯಾರಿಗೆ ಸಿಗಬೇಕೆಂದು ತೀರ್ಮಾನವಾಗುವ ದಿನ) 2024ರ ಅಕ್ಟೋಬರ್ 28 ಆಗಿತ್ತು. ಆ ಬೆಳಿಗ್ಗೆ ಬೆಲೆ ಅರ್ಧದ ಆಸುಪಾಸಿಗೆ ಇಳಿಯಿತು. ಹೊಸ ಷೇರುಗಳು ಡಿಮ್ಯಾಟ್ ಖಾತೆಗೆ ಬರಲು ದಿನಗಳು ಹಿಡಿಯುತ್ತವೆ. ಆ ನಡುವಿನ ಅವಧಿಯಲ್ಲಿ ಬೆಲೆ ಹೊಸದು, ಪ್ರಮಾಣ ಹಳೆಯದು. 2024ರ ಅಕ್ಟೋಬರ್ 1 ಮತ್ತು ಅನಂತರ ಘೋಷಣೆಯಾದ ಬೋನಸ್ ಷೇರುಗಳು ದಾಖಲೆ ದಿನಾಂಕದ ನಂತರದ ಎರಡನೇ ಕೆಲಸದ ದಿನವೇ ವಹಿವಾಟಿಗೆ ಸಿಗಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಯಮ ಮಾಡಿರುವುದರಿಂದ ಈ ಅಂತರ ಕಿರಿದಾಗಿದೆ, ಮುಚ್ಚಿಹೋಗಿಲ್ಲ. ಅಷ್ಟು ದಿನ ‘ಬರಬೇಕಾದ ಷೇರು’ ಎಂಬ ಪ್ರತ್ಯೇಕ ಸಾಲನ್ನು ತೋರಿಸಿ. ಇರುವ ಷೇರಿನ ಸಂಖ್ಯೆಯನ್ನೇ ಎರಡರಿಂದ ಗುಣಿಸಿಬಿಡುವ ಚಾಣಾಕ್ಷರಿದ್ದಾರೆ. ಆ ಗುಣಾಕಾರ ಹಾಗೇ ಉಳಿದರೆ, ಅಸಲಿ ಷೇರು ಖಾತೆಗೆ ಬಂದ ದಿನ ಅದು ನಾಲ್ಕು ಪಟ್ಟಾಗುತ್ತದೆ.

ಎಲ್ಲ ಗ್ರಾಹಕರಿಗೂ, ಎಲ್ಲ ಹೂಡಿಕೆಗಳಲ್ಲೂ, ಒಂದು ನಿರ್ದಿಷ್ಟ ದಿನದ ವಹಿವಾಟು ಮಾತ್ರ ದುಪ್ಪಟ್ಟು: ಫೈಲ್ ಎರಡು ಸಲ ಲೋಡ್ ಆಗಿದೆ. ಮೊದಲ ಲೋಡ್ ನಡುವೆ ನಿಂತಿರುತ್ತದೆ, ಯಾರೋ ಕೈಯಾರೆ ಮತ್ತೆ ಓಡಿಸಿರುತ್ತಾರೆ. ಅದೇ ಫೈಲನ್ನು ಹತ್ತು ಸಲ ಓಡಿಸಿದರೂ ಫಲಿತಾಂಶ ಒಂದೇ ಆಗಿರುವಂತೆ ಲೋಡ್ ಕಟ್ಟಬೇಕು. ರಿಜಿಸ್ಟ್ರಾರ್ ಅಥವಾ ಬ್ರೋಕರ್ ಕೊಡುವ ವಹಿವಾಟು ಸಂಖ್ಯೆಯನ್ನು ಕೀಲಿಯಾಗಿ ಇಟ್ಟುಕೊಳ್ಳಿ. ‘ಅದೇ ದಿನ, ಅದೇ ಯೋಜನೆ, ಅದೇ ಮೊತ್ತ’ ಎಂಬುದನ್ನು ಕೀಲಿ ಮಾಡಬೇಡಿ. ಒಂದೇ ದಿನ ಅದೇ ಯೋಜನೆಗೆ ತಲಾ 10,000 ರೂಪಾಯಿಯ ಎರಡು ಎಸ್‌ಐಪಿ (ನಿಯತ ಕಂತಿನ ಹೂಡಿಕೆ) ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ; ಅವರ ಒಂದು ಕಂತು ನಾಪತ್ತೆಯಾಗುತ್ತದೆ.

ಕೆಲವೇ ಗ್ರಾಹಕರಿಗೆ ಎರಡು ಪಟ್ಟು, ಒಬ್ಬಿಬ್ಬರಿಗೆ ಮೂರು ಪಟ್ಟು: ಅವರ ಖಾತೆಗಳು ಜಂಟಿ ಖಾತೆಗಳೇ ಎಂದು ನೋಡಿ. ಹೂಡಿಕೆಯ ಕೋಷ್ಟಕವನ್ನು ಖಾತೆದಾರರ ಕೋಷ್ಟಕದ ಜೊತೆ ಜೋಡಿಸಿದಾಗ ಇಬ್ಬರು ಖಾತೆದಾರರಿದ್ದರೆ ಸಾಲು ಎರಡಾಗುತ್ತದೆ, ಮೂವರಿದ್ದರೆ ಮೂರು. ಆಮೇಲೆ ಮೊತ್ತ ಕೂಡಿಸಿದರೆ ಹಣ ಬೆಳೆದಂತೆ ಕಾಣುತ್ತದೆ. ಜೋಡಿಸುವ ಮುನ್ನ ಮತ್ತು ನಂತರ ಸಾಲುಗಳ ಸಂಖ್ಯೆಯನ್ನು ಎಣಿಸುವ ಒಂದು ಪರೀಕ್ಷೆ ಇದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಲಕ್ಷಣ: ಕುಟುಂಬದ ಲೆಕ್ಕದಲ್ಲಿ ಯಾರದೋ ಹಣ ಇದೆ, ಯಾರದೋ ಇಲ್ಲ

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಡುವುದು ಇದು. ಗ್ರಾಹಕರ ವಿಶ್ವಾಸ ಒಂದೇ ಏಟಿಗೆ ಹೋಗುವುದೂ ಇದರಲ್ಲೇ. ಬೆಲೆ ತಪ್ಪಿದರೆ ಕ್ಷಮಿಸುವ ಗ್ರಾಹಕರು, ತಮ್ಮ ಸ್ಟೇಟ್‌ಮೆಂಟಿನಲ್ಲಿ ಬೇರೆಯವರ ಹೂಡಿಕೆ ಕಂಡರೆ ಕ್ಷಮಿಸುವುದಿಲ್ಲ. ‘ಹಾಗಾದರೆ ನನ್ನದು ಯಾರಿಗೆ ಕಾಣುತ್ತಿದೆ?’ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ.

ಮೊದಲು ಪ್ಯಾನ್ ಸಂಖ್ಯೆಯ ನಾಲ್ಕನೇ ಅಕ್ಷರ ನೋಡಿ. ‘ಪಿ’ ಎಂದರೆ ವ್ಯಕ್ತಿ, ‘ಎಚ್’ ಎಂದರೆ ಹಿಂದೂ ಅವಿಭಕ್ತ ಕುಟುಂಬ, ‘ಸಿ’ ಕಂಪನಿ, ‘ಎಫ್’ ಪಾಲುದಾರಿಕೆ ಸಂಸ್ಥೆ, ‘ಟಿ’ ಟ್ರಸ್ಟ್. ಯಜಮಾನರ ಸ್ವಂತ ಹೂಡಿಕೆಯೂ ಅವರೇ ಕರ್ತೃವಾಗಿರುವ ಅವಿಭಕ್ತ ಕುಟುಂಬದ ಹೂಡಿಕೆಯೂ ಹೆಸರಿನಲ್ಲಿ ಹೆಚ್ಚುಕಡಿಮೆ ಒಂದೇ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ನೋಡಿ ‘ಒಬ್ಬರೇ’ ಎಂದು ತೀರ್ಮಾನಿಸುವ ತಂತ್ರಾಂಶ ಎರಡನ್ನೂ ಬೆಸೆದುಬಿಡುತ್ತದೆ. ಕಾನೂನಿನ ಕಣ್ಣಿನಲ್ಲಿ ಇವು ಎರಡು ಬೇರೆ ತೆರಿಗೆದಾರರು.

ಹಾಗೆಂದು ಪ್ಯಾನ್ ಒಂದನ್ನೇ ನಂಬಿದರೂ ಸಾಗದು. ಅಪ್ರಾಪ್ತ ಮಕ್ಕಳ ಫೋಲಿಯೊಗಳಲ್ಲಿ (ಮ್ಯೂಚುವಲ್ ಫಂಡ್ ಖಾತೆಗಳಲ್ಲಿ) ಸಾಮಾನ್ಯವಾಗಿ ಪೋಷಕರ ಪ್ಯಾನ್ ಇರುತ್ತದೆ. ಪ್ಯಾನ್ ಪ್ರಕಾರ ಗುಂಪು ಮಾಡಿದರೆ ಮಗಳ ಮದುವೆಗೆಂದು ಇಟ್ಟ ಹಣ ಅಪ್ಪನ ನಿವೃತ್ತಿ ನಿಧಿಯಲ್ಲಿ ಸೇರಿಕೊಳ್ಳುತ್ತದೆ. ಗಂಡ ಮೊದಲ ಖಾತೆದಾರ, ಹೆಂಡತಿ ಎರಡನೆಯವರು ಆಗಿರುವ ಫೋಲಿಯೊ ಒಂದು. ಹೆಂಡತಿ ಮೊದಲು, ಗಂಡ ಎರಡನೆಯವರು ಆಗಿರುವುದು ಇನ್ನೊಂದು. ಈ ಎರಡನ್ನು ಒಂದೇ ಎಂದು ಎಣಿಸಬಾರದು. ವ್ಯಕ್ತಿ, ಖಾತೆ, ಆ ಖಾತೆಯಲ್ಲಿ ಆ ವ್ಯಕ್ತಿಯ ಪಾತ್ರ, ಈ ಮೂರಕ್ಕೂ ಬೇರೆ ಬೇರೆ ಕೋಷ್ಟಕ ಬೇಕು. ಪಾತ್ರ ಎಂದರೆ ಮೊದಲ ಖಾತೆದಾರ, ಜಂಟಿದಾರ, ಪೋಷಕ, ನಾಮಿನಿ, ಕರ್ತೃ. ‘ಕುಟುಂಬ’ ಎಂಬುದು ಇವುಗಳ ಮೇಲೆ ಕಟ್ಟಿದ ವರದಿಯ ಗುಂಪು ಮಾತ್ರ. ಅದು ಯಾರಿಗೂ ಒಡೆತನ ಕೊಡುವುದಿಲ್ಲ.

ಕೆಲವು ಗ್ರಾಹಕರ ಷೇರುಗಳು ಪೂರ್ತಿ ಕಾಣೆಯಾಗಿದ್ದರೆ, ನಮ್ಮ ಎರಡು ಡಿಪಾಸಿಟರಿಗಳಾದ ಸಿಡಿಎಸ್ಎಲ್ ಮತ್ತು ಎನ್‌ಎಸ್‌ಡಿಎಲ್ ಪೈಕಿ ಅವರೆಲ್ಲ ಸಿಡಿಎಸ್ಎಲ್ ಖಾತೆಯವರೇ ಎಂದು ಪರೀಕ್ಷಿಸಿ. ಹೌದಾದರೆ ದಾರಿಯಲ್ಲೆಲ್ಲೋ ಎಕ್ಸೆಲ್ ಕೂತಿದೆ. ಸಿಡಿಎಸ್ಎಲ್ ಡಿಮ್ಯಾಟ್ ಸಂಖ್ಯೆ 16 ಅಂಕಿಗಳದ್ದು, ಬರೀ ಅಂಕಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಂಡು ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ. ಎನ್‌ಎಸ್‌ಡಿಎಲ್ ಸಂಖ್ಯೆಗಳು ‘ಐಎನ್’ ಎಂಬ ಅಕ್ಷರಗಳಿಂದ ಶುರುವಾಗುವ ಕಾರಣ ಪಠ್ಯವೆಂದೇ ಉಳಿದು ಬಚಾವಾಗುತ್ತವೆ. ಡಿಮ್ಯಾಟ್ ಸಂಖ್ಯೆಗಳ ಕಾಲಂ ತೆರೆದು ಎಲ್ಲವೂ ಸೊನ್ನೆಯಲ್ಲಿ ಮುಗಿಯುತ್ತಿವೆಯೇ ನೋಡಿ, ಕಣ್ಣಿಗೆ ರಾಚುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೊನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸವಿದ್ದ ಇಬ್ಬರ ಖಾತೆಗಳು ಒಂದಾಗಿಬಿಡುತ್ತವೆ. ಫೋಲಿಯೊ ಸಂಖ್ಯೆಯ ನಡುವಿನ ಓರೆಗೆರೆಯನ್ನು ಒಂದು ಮೂಲ ಬರೆದು ಇನ್ನೊಂದು ಬಿಡುವುದೂ ಇದೇ ಗುಂಪಿನ ಸಮಸ್ಯೆ. ಲೆಕ್ಕಾಚಾರಕ್ಕೆ ಬಳಸದ ಯಾವ ಸಂಖ್ಯೆಯೂ ಸಂಖ್ಯೆಯ ಬಗೆಯಲ್ಲಿ ಇರಬಾರದು.

ಲಕ್ಷಣ: ಗಳಿಕೆಯ ಶೇಕಡಾವಾರು ಎರಡು ಕಡೆ ಎರಡು ಬಗೆ

ಇಲ್ಲಿ ಡೇಟಾ ಸರಿ ಇರುವ ಸಾಧ್ಯತೆಯೇ ಹೆಚ್ಚು. ಉದಾಹರಣೆ ನೋಡಿ. ಗ್ರಾಹಕರು ಏಪ್ರಿಲ್ 1ಕ್ಕೆ 50 ಲಕ್ಷ ರೂಪಾಯಿ ಹಾಕಿದರು; ಪೋರ್ಟ್‌ಫೋಲಿಯೊ ಸೇವೆಗೆ ಸೆಬಿ ನಿಗದಿ ಮಾಡಿದ ಕನಿಷ್ಠ ಮೊತ್ತವೂ ಅದೇ. ಆರು ತಿಂಗಳಲ್ಲಿ ಶೇ 20 ಏರಿ 60 ಲಕ್ಷವಾಯಿತು. ಖುಷಿಯಿಂದ ಇನ್ನೊಂದು 50 ಲಕ್ಷ ಸೇರಿಸಿದರು. ಮುಂದಿನ ಆರು ತಿಂಗಳಲ್ಲಿ ಶೇ 10 ಇಳಿದು, 110 ಲಕ್ಷವಿದ್ದದ್ದು 99 ಲಕ್ಷಕ್ಕೆ ಬಂತು.

ಸಮಯಾಧಾರಿತ ಗಳಿಕೆ 1.2 ಗುಣಿಸು 0.9, ಅಂದರೆ ಶೇ 8 ಲಾಭ. ಗ್ರಾಹಕರ ಹಣದ ಹರಿವಿನ ಮೇಲೆ ಲೆಕ್ಕ ಹಾಕುವ ಎಕ್ಸ್‌ಐಆರ್‌ಆರ್ ಸುಮಾರು ಶೇ 1.3 ನಷ್ಟ. ಎರಡೂ ಸರಿ. ಮೊದಲನೆಯದು ನಿರ್ವಾಹಕರ ಕೆಲಸವನ್ನು ಅಳೆಯುತ್ತದೆ. ಪೋರ್ಟ್‌ಫೋಲಿಯೊ ನಿರ್ವಾಹಕರು ಅದನ್ನೇ ವರದಿ ಮಾಡಬೇಕೆಂದು ಸೆಬಿಯ 2020ರ ನಿಯಮಾವಳಿ ಹೇಳುತ್ತದೆ. ಎರಡನೆಯದು ಗ್ರಾಹಕರ ಜೇಬಿಗೆ ಆದದ್ದನ್ನು ಹೇಳುತ್ತದೆ. ಕಾಲಂಗೆ ‘ಗಳಿಕೆ’ ಎಂದಷ್ಟೇ ಹೆಸರಿಟ್ಟವರು ಈ ಜಗಳಕ್ಕೆ ಹೊಣೆ. ಯಾವ ವಿಧಾನ, ಶುಲ್ಕ ಕಳೆಯುವ ಮುನ್ನವೋ ನಂತರವೋ, ಯಾವ ದಿನದಿಂದ ಯಾವ ದಿನಕ್ಕೆ ಎಂಬುದನ್ನು ಅಂಕಿಯ ಜೊತೆಗೇ ಇಡಿ.

ಎರಡೂ ವಿಧಾನ ಒಂದೇ ಆಗಿದ್ದು ಉತ್ತರ ಬೇರೆ ಬಂದರೆ ಹಣ ಒಳಬಂದ ದಿನಾಂಕವನ್ನು ನೋಡಿ. ಬ್ಯಾಂಕಿಗೆ ಬಂದ ದಿನ, ಹೂಡಿಕೆಯಾದ ದಿನ ಇವೆರಡರ ನಡುವಿನ ಅಂತರ ಅಲ್ಪಾವಧಿಯ ಗಳಿಕೆಯನ್ನು ಚೆನ್ನಾಗಿಯೇ ಅಲುಗಾಡಿಸುತ್ತದೆ.

ಲಕ್ಷಣ: ತೆರಿಗೆಯ ಪಟ್ಟಿಯಲ್ಲಿ ಲಾಭ ವಿಪರೀತ

ಮಾರಿದ ಷೇರಿನ ಖರೀದಿ ಬೆಲೆ ಸೊನ್ನೆ ಎಂದಿದೆಯೇ ನೋಡಿ. ಇದ್ದರೆ ಆ ಷೇರು ಕೊಂಡದ್ದಲ್ಲ, ಬೇರೊಂದರಿಂದ ಹುಟ್ಟಿದ್ದು. ಬೋನಸ್ ಷೇರಿಗೆ ಸೊನ್ನೆ ಸಹಜ. ಕಂಪನಿ ವಿಭಜನೆಯಿಂದ ಬಂದದ್ದಕ್ಕೆ ಸೊನ್ನೆ ತಪ್ಪು. 2023ರ ಜುಲೈ 20ರಂದು ರಿಲಯನ್ಸ್‌ನಿಂದ ಜಿಯೊ ಫೈನಾನ್ಶಿಯಲ್ ಬೇರ್ಪಟ್ಟಾಗ ಒಂದು ಷೇರಿಗೆ ಒಂದರಂತೆ ಸಿಕ್ಕಿತು, ಮೂಲ ಖರೀದಿ ಬೆಲೆಯನ್ನು ಶೇ 95.32 ಮತ್ತು ಶೇ 4.68ರ ಲೆಕ್ಕದಲ್ಲಿ ಹಂಚಬೇಕಿತ್ತು. ತಲಾ 2,000 ರೂಪಾಯಿಗೆ 100 ರಿಲಯನ್ಸ್ ಷೇರು ಕೊಂಡವರಿಗೆ 2,00,000 ರೂಪಾಯಿಯಲ್ಲಿ 1,90,640 ರಿಲಯನ್ಸ್‌ಗೆ, 9,360 ಜಿಯೊ ಫೈನಾನ್ಶಿಯಲ್‌ಗೆ. ಖರೀದಿ ದಿನಾಂಕವೂ ರಿಲಯನ್ಸ್ ಕೊಂಡ ದಿನದ್ದೇ. ನಿಮ್ಮ ವ್ಯವಸ್ಥೆ 2023ರ ಜುಲೈಯನ್ನು ಖರೀದಿ ದಿನವೆಂದು ಬರೆದುಕೊಂಡಿದ್ದರೆ ದೀರ್ಘಾವಧಿ ಲಾಭ ಅಲ್ಪಾವಧಿಯದಾಗಿ ಕಂಡಿರುತ್ತದೆ. ಹೊಸ ಷೇರು ಪೇಟೆಗೆ ಬಂದದ್ದು ಆಗಸ್ಟ್ 21ಕ್ಕೆ. ಆ ಒಂದು ತಿಂಗಳು ಖಾತೆಯಲ್ಲಿ ಹಕ್ಕಿತ್ತು, ಮಾರುವಂತಿರಲಿಲ್ಲ.

ಅದೇ ಜುಲೈಯಲ್ಲಿ ಎಚ್‌ಡಿಎಫ್‌ಸಿ ಲಿಮಿಟೆಡ್ ಕಂಪನಿಯು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಯಿತು: 25 ಷೇರಿಗೆ 42. ನೂರು ಷೇರಿದ್ದವರಿಗೆ 168. ಆದರೆ 110 ಷೇರಿದ್ದವರಿಗೆ 184.8 ಎಂಬ ಲೆಕ್ಕ ಬಂದು ಆ ಭಿನ್ನರಾಶಿಯ ಭಾಗ ನಗದಾಗಿ ಬಂತು. ಷೇರಿನ ಸಂಖ್ಯೆಯನ್ನು ದುಂಡಗೆ ಮಾಡಿ ನಗದಿನ ಸಾಲನ್ನು ಮರೆತ ವ್ಯವಸ್ಥೆಗಳಲ್ಲಿ ಇವತ್ತಿಗೂ ಆ ಚೂರು ತಾಳೆಯಾಗದೆ ಉಳಿದಿರುತ್ತದೆ.

ಇವುಗಳ ಮೂಲ ಒಂದೇ: ಕಂಪನಿಯ ಘಟನೆಯನ್ನು ಖರೀದಿ ಅಥವಾ ಮಾರಾಟದ ವೇಷ ಹಾಕಿ ಸೇರಿಸಿದ್ದು. ವಿಭಜನೆ, ವಿಲೀನ, ಬೋನಸ್ ಇವಕ್ಕೆ ತಮ್ಮದೇ ಆದ ವಹಿವಾಟು ಬಗೆ ಇರಬೇಕು. ಹೀಗೆ ಹುಟ್ಟಿದ ಪ್ರತಿ ಕಂತೂ ತನ್ನ ತಾಯಿ ಕಂತನ್ನು, ಅಂದರೆ ತಾನು ಯಾವ ಮೂಲ ಖರೀದಿಯಿಂದ ಬಂತು ಎಂಬುದನ್ನು, ತೋರಿಸಬೇಕು.

ಲಕ್ಷಣ: ಅದೇ ದಿನದ ವರದಿ, ಎರಡು ಸಲ ತೆಗೆದರೆ ಎರಡು ಉತ್ತರ

ಮಾರ್ಚ್ 31ರ ಮೌಲ್ಯವನ್ನು ಏಪ್ರಿಲ್ 2ಕ್ಕೆ ತೆಗೆದಾಗ ಒಂದು, ಏಪ್ರಿಲ್ 10ಕ್ಕೆ ತೆಗೆದಾಗ ಇನ್ನೊಂದು. ಲೆಕ್ಕಪರಿಶೋಧಕರು ಹುಬ್ಬೇರಿಸುವುದು ಇಲ್ಲಿ.

ಬಹಳ ಸಲ ಎರಡಕ್ಕೂ ನ್ಯಾಯವಾದ ಕಾರಣ ಇರುತ್ತದೆ. ಹಣ ಬಾರದೆ ರಿಜಿಸ್ಟ್ರಾರ್ ಒಂದು ಎಸ್‌ಐಪಿ ಕಂತನ್ನು ಹಿಂದಿನ ದಿನಾಂಕಕ್ಕೇ ರದ್ದು ಮಾಡಿರುತ್ತಾರೆ, ಇಲ್ಲವೇ ಫಂಡ್ ಸಂಸ್ಥೆ ಎನ್‌ಎವಿಯನ್ನು ತಿದ್ದಿ ಮತ್ತೆ ಪ್ರಕಟಿಸಿರುತ್ತದೆ. ಇದನ್ನು ಸಾಬೀತು ಮಾಡಲು ಪ್ರತಿ ಸಾಲಿಗೂ ಎರಡು ದಿನಾಂಕ ಬೇಕು: ಘಟನೆ ಯಾವ ದಿನಕ್ಕೆ ಸೇರಿದ್ದು, ನಮಗೆ ಅದು ಯಾವಾಗ ಗೊತ್ತಾಯಿತು. ಆಗ ‘ಏಪ್ರಿಲ್ 2ರಂದು ನಮಗೆ ತಿಳಿದಿದ್ದಂತೆ ಮಾರ್ಚ್ 31ರ ಮೌಲ್ಯ’ ಎಂಬ ಪ್ರಶ್ನೆಗೆ ಯಾವತ್ತು ಕೇಳಿದರೂ ಒಂದೇ ಉತ್ತರ ಬರುತ್ತದೆ. ಸಾಲನ್ನು ತಿದ್ದಬೇಡಿ, ಹಳೆಯದನ್ನು ಮುಚ್ಚಿ ಹೊಸದನ್ನು ಸೇರಿಸಿ. ಮೊದಲ ದಿನವೇ ಮಾಡಿದರೆ ಇದು ಎರಡು ಕಾಲಂಗಳ ಕೆಲಸ. ಐದು ವರ್ಷ ಕಳೆದ ಮೇಲೆ ಮಾಡಹೊರಟರೆ ವರ್ಷಗಟ್ಟಲೆಯ ಯೋಜನೆಯಾಗುತ್ತದೆ, ಹಳೆಯ ಇತಿಹಾಸವಂತೂ ಮರಳಿ ಸಿಗುವುದಿಲ್ಲ. ಹೊಸ ಗ್ರಾಹಕ ಸಂಸ್ಥೆಯ ಕೆಲಸಕ್ಕೆ ಕುಳಿತಾಗ ನಾನು ಪಟ್ಟು ಹಿಡಿಯುವುದು ಇದೊಂದಕ್ಕೆ. ಉಳಿದದ್ದರಲ್ಲಿ ರಾಜಿಗೆ ಸಿದ್ಧ.

ಇಂಥ ಕಾರಣ ಯಾವುದೂ ಸಿಗದೆ, ಎರಡು ನಿಮಿಷದ ಅಂತರದಲ್ಲೇ ಉತ್ತರ ಬದಲಾದರೆ ಲೋಡ್ ಮುಗಿಯುವ ಮುನ್ನವೇ ವರದಿ ಓದುತ್ತಿದೆ. ಲೋಡ್ ಪೂರ್ತಿಯಾಗಿ ತಾಳೆಯಾದ ಮೇಲೆ ಮಾತ್ರ ಆ ದಿನವನ್ನು ವರದಿಗೆ ತೆರೆಯುವ ಬೀಗ ಹಾಕಿ.

ವರದಿ ಬರುವುದೇ ತಡವಾಗಿದ್ದರೆ ಹೆಚ್ಚು ಯೋಚಿಸುವಂಥದ್ದಿಲ್ಲ: ಪ್ರತಿ ರಾತ್ರಿ ಇಡೀ ಇತಿಹಾಸವನ್ನು ಮೊದಲಿನಿಂದ ಲೆಕ್ಕ ಹಾಕುತ್ತಿದ್ದೀರಿ. ಬದಲಾದ ಖಾತೆಗಳನ್ನಷ್ಟೇ ಲೆಕ್ಕ ಹಾಕಿ.

ಎಲ್ಲಿ ಕೈ ತೆಗೆಯಬೇಕು

ಡೇಟಾ ತಂಡ ಒಬ್ಬಂಟಿಯಾಗಿ ಮುಂದುವರಿಯಬಾರದ ಸಂದರ್ಭಗಳಿವೆ. ಡಿಪಾಸಿಟರಿಯ ಸಂಖ್ಯೆಗೂ ನಿಮ್ಮ ಸಂಖ್ಯೆಗೂ ವ್ಯತ್ಯಾಸವಿದ್ದು, ನಿಮ್ಮ ಕಡೆಯ ಪ್ರತಿ ವಹಿವಾಟೂ ಮೂಲ ಫೈಲಿಗೆ ಸರಿಹೊಂದುತ್ತಿದ್ದರೆ ಅದು ಡೇಟಾ ದೋಷವಾಗಿ ಉಳಿದಿಲ್ಲ. ಗ್ರಾಹಕರ ಆಸ್ತಿಯೇ ಇಲ್ಲದಿರಬಹುದು, ಅಥವಾ ಯಾರೋ ಅನುಮತಿಯಿಲ್ಲದೆ ಮಾರಿರಬಹುದು. ‘ಹೊಂದಾಣಿಕೆ’ ಎಂಬ ಸಾಲು ಹಾಕಿ ಸಮ ಮಾಡಿದರೆ ನೀವೇ ಸಾಕ್ಷ್ಯ ಮುಚ್ಚಿದಂತೆ. ಅಂದೇ ಅನುಪಾಲನಾ ಅಧಿಕಾರಿಗೆ ಲಿಖಿತವಾಗಿ ತಿಳಿಸಿ.

ತಪ್ಪು ಮೌಲ್ಯದ ಮೇಲೆ ಶುಲ್ಕ ಕಡಿತವಾಗಿದ್ದರೆ, ಗ್ರಾಹಕರು ತೆರಿಗೆ ಕಟ್ಟಿದ್ದರೆ ಅಥವಾ ಅದನ್ನು ನೋಡಿ ಮಾರಾಟದ ತೀರ್ಮಾನ ಮಾಡಿದ್ದರೆ ತಿದ್ದಿದ ಸ್ಟೇಟ್‌ಮೆಂಟನ್ನು ಸದ್ದಿಲ್ಲದೆ ಕಳಿಸಬೇಡಿ. ಎಷ್ಟು ಗ್ರಾಹಕರು, ಯಾವ ಅವಧಿ, ಎಷ್ಟು ಮೊತ್ತ ಎಂಬ ಪಟ್ಟಿ ಮಾಡಿಕೊಡುವುದು ನಿಮ್ಮ ಕೆಲಸ. ಮರುಪಾವತಿ ಮತ್ತು ಪತ್ರದ ಒಕ್ಕಣೆ ಕಾನೂನು ವಿಭಾಗದ್ದು.

ಒಬ್ಬರ ಹೂಡಿಕೆ ಇನ್ನೊಬ್ಬರಿಗೆ ಕಂಡಿದ್ದರೆ ಮೊದಲು ಆ್ಯಪಿನ ಆ ಪುಟವನ್ನು ಮುಚ್ಚಿ, ಆಮೇಲೆ ಕಾರಣ ಹುಡುಕಿ. ಹೊರಗಿನವರು ಒಳನುಗ್ಗಿ ಡೇಟಾ ಒಯ್ದಿರುವ ಸುಳಿವಿದ್ದರೆ ಗಂಟೆ ಎಣಿಸಲು ಶುರು ಮಾಡಿ: ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂಬುದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್‌ನ 2022ರ ನಿರ್ದೇಶನ. ಸರ್ವರ್ ಮರುಪ್ರಾರಂಭಿಸಬೇಡಿ, ಲಾಗ್ ಅಳಿಸಬೇಡಿ, ಭದ್ರತಾ ತಂಡ ಬರುವವರೆಗೆ ಏನನ್ನೂ ಸರಿಪಡಿಸಬೇಡಿ.

ಯಾರಿಗೆ ಹಸ್ತಾಂತರಿಸಿದರೂ ಜೊತೆಗೆ ಕೊಡಬೇಕಾದದ್ದು ಇಷ್ಟು: ಒಬ್ಬ ಗ್ರಾಹಕರ ಆಂತರಿಕ ಸಂಖ್ಯೆ, ಒಂದು ಐಸಿನ್, ಒಂದು ದಿನಾಂಕ, ಇರಬೇಕಾದ ಅಂಕಿ, ಕಂಡ ಅಂಕಿ, ಅಂಕಿ ಸರಿ ಇದ್ದ ಕೊನೆಯ ಹಂತ, ಕೆಟ್ಟ ಮೊದಲ ಹಂತ, ಮತ್ತು ಆ ರಾತ್ರಿಯ ಮೂಲ ಫೈಲ್ ಇರುವ ಜಾಗ.